ಹೊಸ ಆಟಗಾರನೋ, ಹಳೆಯ ಅಭಿಮಾನಿಯೋ?

1974ನೆಯ ಇಸವಿಯ ಮೊದಲಲ್ಲಿ, ಅಮೆರಿಕದ ವಿಸ್ಕಾನ್ಸಿನ್ ಸಂಸ್ಥಾನಕ್ಕೆ ಸೇರಿದ ಲೇಕ್ ಜಿನೀವಾ ಎಂಬ ಸಣ್ಣ ಊರಿನಿಂದ, ಮರದ ಹಲಗೆಯಂತೆ ಕಾಣುವ ಕಾಗದವನ್ನು ಮೈಗೆ ಅಂಟಿಸಿಕೊಂಡ ಒಂದು ಪುಟ್ಟ ಪೆಟ್ಟಿಗೆ ಮಾರಾಟಕ್ಕೆ ಹೊರಟಿತು. ಒಳಗೆ ಮೂರು ತೆಳುವಾದ ಪುಸ್ತಿಕೆಗಳು. ಬೆಲೆ 10 ಡಾಲರು. ಮೊದಲ ಮುದ್ರಣ 1,000 ಪ್ರತಿ. ಗ್ಯಾರಿ ಗೈಗ್ಯಾಕ್ಸ್, ಡೇವ್ ಆರ್ನೆಸನ್ ಎಂಬ ಇಬ್ಬರು ಸಮರಕ್ರೀಡಾಪ್ರಿಯರು ರಚಿಸಿದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಎಂಬ ಆಟದ ನಿಯಮಾವಳಿ ಅದು. ಪೆಟ್ಟಿಗೆಯನ್ನು ಮನೆಗೆ ತಂದವನಿಗೆ, ಆ ಮೂರು ಪುಸ್ತಿಕೆಗಳಿಂದಲೇ ಆಟ ಪೂರ್ಣವಾಗದೆಂಬ ಸಂಗತಿ ಬಹು ಬೇಗ ಗೋಚರವಾಗುತ್ತಿತ್ತು. ಕಾಳಗದ ನಿಯಮಗಳಿಗಾಗಿ 1971ರಲ್ಲಿ ಪ್ರಕಟವಾಗಿದ್ದ ‘ಚೈನ್‌ಮೇಲ್’ ಎಂಬ ಇನ್ನೊಂದು ಪುಸ್ತಕ ಕೈಯಲ್ಲಿರಬೇಕು. ಕಾಡುಮೇಡುಗಳ ಸಂಚಾರಕ್ಕೆ ಬೇರೊಂದು ಕಂಪನಿಯವರ ‘ಔಟ್‌ಡೋರ್ ಸರ್ವೈವಲ್’ ಎಂಬ ಆಟದ ನಕ್ಷೆ ಬೇಕು. ಎಲ್ಲಕ್ಕೂ ಮಿಗಿಲಾಗಿ, ಲೋಹದ ಪುಟ್ಟ ಸಿಪಾಯಿಗಳನ್ನು ಮೇಜಿನ ಮೇಲೆ ಹೂಡಿ ಗತಕಾಲದ ಕದನಗಳನ್ನು ಮರಳಿ ಆಡುವ ಹವ್ಯಾಸದಲ್ಲಿ ಮೊದಲೇ ಪಳಗಿದ ಮನಸ್ಸು ಬೇಕು. ಬಲ್ಲವರು ಬಲ್ಲವರಿಗಾಗಿಯೇ ಬರೆದ ಗ್ರಂಥವದು. ಆದರೂ ಆ ಹವ್ಯಾಸದ ಗಂಧವನ್ನೇ ಅರಿಯದ ವಿದ್ಯಾರ್ಥಿಗಳೂ ತರುಣರೂ ಒಬ್ಬರ ಹಿಂದೆ ಒಬ್ಬರು ಬಂದು ಅದನ್ನು ಕೊಂಡರು, ಅರ್ಥವಾಗದೆಡೆಯಲ್ಲಿ ತಮಗೆ ತೋರಿದಂತೆ ಅರ್ಥಮಾಡಿಕೊಂಡರು, ಮತ್ತಷ್ಟು ಬೇಕೆಂದು ಕೇಳಿದರು. ಈ ವಿದ್ಯೆಯ ಪ್ರಕಾಶಕನು ಬರೆಯತಕ್ಕದ್ದು ಹೊಸದಾಗಿ ಬರುವವನಿಗಾಗಿಯೋ, ಅಥವಾ ಬಂದು ನೆಲಸಿದವನಿಗಾಗಿಯೋ ಎಂಬ ಪ್ರಶ್ನೆ ಅಂದೇ ಹುಟ್ಟಿತು. ಐವತ್ತು ವರ್ಷ ಕಳೆದರೂ ಅದು ಬಗೆಹರಿದಿಲ್ಲ.

ನಮ್ಮ ಕರಾವಳಿಯ ತಾಳಮದ್ದಳೆಯನ್ನು ಕೇಳಿ ಬಲ್ಲವರಿಗೆ ಈ ಆಟದ ಸ್ವರೂಪವನ್ನು ತಿಳಿಸುವುದು ಕಷ್ಟವಲ್ಲ. ಅಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ್ಯವನ್ನು ಹಾಡಿದೊಡನೆ ಅರ್ಥಧಾರಿಗಳು ಕುಳಿತಲ್ಲಿಯೇ ಕುಳಿತು, ಬರೆದಿಟ್ಟುಕೊಂಡ ಮಾತೊಂದೂ ಇಲ್ಲದೆ, ತಮ್ಮ ತಮ್ಮ ಪಾತ್ರದ ನುಡಿಯನ್ನು ಆ ಕ್ಷಣದಲ್ಲಿ ಕಟ್ಟಿ ಆಡುತ್ತಾರೆ. ಇಲ್ಲಿಯೂ ಹಾಗೆಯೇ ನಾಲ್ಕೈದು ಮಂದಿ ಮೇಜಿನ ಸುತ್ತ ಕೂರುತ್ತಾರೆ; ಒಬ್ಬನು ಯೋಧ, ಒಬ್ಬನು ಮಾಂತ್ರಿಕ, ಒಬ್ಬನು ಕಳ್ಳ; ಮತ್ತೊಬ್ಬನು, ಡಂಜನ್ ಮಾಸ್ಟರ್ ಎಂಬ ಹೆಸರಿನವನು, ಕಥೆಯ ಲೋಕವನ್ನೆಲ್ಲ ತಾನು ಹೊತ್ತು ನಡೆಸುತ್ತಾನೆ. ಆದರೆ ತಾಳಮದ್ದಳೆಯ ಕರ್ಣನು ಎಷ್ಟೇ ವಾಗ್ಮಿಯಾದರೂ ಪ್ರಸಂಗದ ಕೊನೆಯಲ್ಲಿ ಬೀಳಲೇಬೇಕು. ಈ ಆಟದಲ್ಲಿ ಕಥೆ ಎತ್ತ ಹೋಗುವುದೆಂಬುದು ಆಡುವವರ ಸಂಕಲ್ಪಕ್ಕೂ ಇಪ್ಪತ್ತು ಮುಖದ ದಾಳದ ಮರ್ಜಿಗೂ ಬಿಟ್ಟ ವಿಷಯ. ದಾಳ ಬಿದ್ದ ಬಗೆಯಿಂದ ಏನಾಗತಕ್ಕದ್ದೆಂದು ಹೇಳುವ ಶಾಸ್ತ್ರವೇ ಪ್ರಕಾಶಕರು ಅಚ್ಚುಮಾಡಿ ಮಾರುವ ಪುಸ್ತಕ.

ಆ ಪುಸ್ತಕದ ವ್ಯಾಪಾರದಲ್ಲಿ ಇತರ ವ್ಯಾಪಾರಗಳಲ್ಲಿ ಕಾಣದ ಒಂದು ವೈಚಿತ್ರ್ಯವಿದೆ. ಸರಕು ಸವೆಯುವುದಿಲ್ಲ. ಒಮ್ಮೆ ಕೊಂಡ ನಿಯಮಗ್ರಂಥದಿಂದ ಒಂದು ಮಿತ್ರಮಂಡಲಿ ಮೂವತ್ತು ವರ್ಷ ಆಡಬಹುದು. ಕಥೆಗಳನ್ನು ಅವರೇ ಕಲ್ಪಿಸಿಕೊಳ್ಳುವುದರಿಂದ ಪ್ರಕಾಶಕನ ಹಂಗೇ ಅವರಿಗಿಲ್ಲ. ಆದುದರಿಂದ ಹಳೆಯ ಅಭಿಮಾನಿಯಿಂದ ಮತ್ತೆ ಹಣ ಬರಬೇಕಾದರೆ ಅವನಿಗೆ ಇನ್ನಷ್ಟನ್ನು ಮಾರಬೇಕು: ಹೊಸ ಮಂತ್ರಗಳು, ಹೊಸ ಭೂತಗಳು, ಹೊಸ ದೇಶಗಳ ವರ್ಣನೆ, ನಿಯಮಕ್ಕೆ ಉಪನಿಯಮ. ಈ ಅನುಬಂಧಗ್ರಂಥಗಳು ಮೂಲಗ್ರಂಥವನ್ನು ಉಳ್ಳವರಿಗೆ ಮಾತ್ರ ಬೇಕಾದವು. ಅವರಲ್ಲಿಯೂ ಕೆಲವರೇ ಕೊಳ್ಳುವರು. ಹೀಗೆ ಹಳಬರನ್ನೇ ನಂಬಿದ ಪ್ರಕಾಶಕನು ವರ್ಷ ವರ್ಷವೂ ಕಡಿಮೆ ಜನಕ್ಕೆ ಹೆಚ್ಚು ಪುಸ್ತಕಗಳನ್ನು ಮಾರುವ ದಾರಿಯನ್ನು ಹಿಡಿಯುತ್ತಾನೆ. ಹೊಸಬರನ್ನೇ ನಂಬಿದವನ ಕಷ್ಟ ಬೇರೆ. ಅವರು ಬರುವರೋ ಇಲ್ಲವೋ ನಿಶ್ಚಯವಿಲ್ಲ. ಬಂದವರಲ್ಲಿ ಎಷ್ಟು ಮಂದಿ ನಿಲ್ಲುವರೆಂಬುದೂ ಅನಿಶ್ಚಿತ. ಅವರ ಅನುಕೂಲಕ್ಕೆಂದು ಶಾಸ್ತ್ರವನ್ನು ಸುಲಭಗೊಳಿಸಿದರೆ, ಆ ಶಾಸ್ತ್ರದ ಸೂಕ್ಷ್ಮಗಳಲ್ಲಿ ಯೌವನವನ್ನೇ ಕಳೆದ ಹಳಬನು ತನಗೆ ಅವಮಾನವಾಯಿತೆಂದು ಭಾವಿಸುತ್ತಾನೆ.

ಪೂರ್ವಚರಿತ್ರೆಯನ್ನು ಸ್ವಲ್ಪ ನೋಡೋಣ. ಮೊದಲ ಪೆಟ್ಟಿಗೆಯ ದುರ್ಬೋಧತೆಯನ್ನು ಕಂಡು ಅದಕ್ಕೊಂದು ಪ್ರವೇಶಿಕೆಯನ್ನು ಬರೆಯಲು ತಾವಾಗಿ ಮುಂದೆ ಬಂದವರು, ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದಲ್ಲಿ ನರರೋಗಶಾಸ್ತ್ರವನ್ನು ಬೋಧಿಸುತ್ತಿದ್ದ ವೈದ್ಯರಾದ ಜೆ. ಎರಿಕ್ ಹೋಮ್ಸ್. ಅವರು ಸಿದ್ಧಗೊಳಿಸಿದ ‘ಬೇಸಿಕ್ ಸೆಟ್’ 1977ರಲ್ಲಿ ಹೊರಬಂದಿತು. ಪಾತ್ರವು ಒಂದರಿಂದ ಮೂರನೆಯ ಮಟ್ಟಕ್ಕೆ ಏರುವವರೆಗಿನ ನಿಯಮಗಳಷ್ಟೇ ಅದರಲ್ಲಿದ್ದವು. ಅದೇ ವರ್ಷ ಗೈಗ್ಯಾಕ್ಸರು ಬಲ್ಲವರಿಗಾಗಿ ‘ಅಡ್ವಾನ್ಸ್ಡ್ ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಎಂಬ ಹೆಬ್ಬೊತ್ತಗೆಗಳ ಮಾಲೆಯನ್ನು ಆರಂಭಿಸಿದರು; ಅದರ ಮೂರು ಮುಖ್ಯ ಸಂಪುಟಗಳು 1979ರ ಹೊತ್ತಿಗೆ ಮುಗಿದವು. ಆಟವನ್ನು ಪ್ರಕಟಿಸುತ್ತಿದ್ದ ಕಂಪನಿಯು ಆ ಕಾಲದಲ್ಲಿ ಎರಡು ಪಂಕ್ತಿಗಳನ್ನೂ ಏಕಕಾಲದಲ್ಲಿ ಬಡಿಸಿತು. ಹೊಸಬರ ನೂಕುನುಗ್ಗಲು ಎಷ್ಟಿತ್ತೆಂದರೆ, 1979ರಲ್ಲಿ ದಾಳಗಳ ಸರಬರಾಜು ಸಾಲದೆ ಹೋಗಿ, ಬೇಸಿಕ್ ಪೆಟ್ಟಿಗೆಯಲ್ಲಿ ದಾಳಗಳಿಗೆ ಬದಲಾಗಿ ಅಂಕಿಗಳನ್ನು ಅಚ್ಚೊತ್ತಿದ ರಟ್ಟಿನ ಹಾಳೆಯನ್ನಿಟ್ಟು, ತುಂಡುಗಳನ್ನು ಕತ್ತರಿಸಿ ಬಟ್ಟಲಲ್ಲಿ ಹಾಕಿ ಎತ್ತಿಕೊಳ್ಳಿರೆಂದು ಹೇಳಬೇಕಾಯಿತು.

ಹೊಸಬನಿಗೆ ಕಲಿಸುವ ಕಲೆ ಪರಾಕಾಷ್ಠೆಯನ್ನು ಮುಟ್ಟಿದ್ದು 1983ರಲ್ಲಿ, ಫ್ರಾಂಕ್ ಮೆಂಟ್ಸರ್ ಅವರು ಸಂಪಾದಿಸಿದ ಕೆಂಪು ಪೆಟ್ಟಿಗೆಯಲ್ಲಿ ಎಂದರೆ ಅತಿಶಯೋಕ್ತಿಯಾಗದು. ಮುಚ್ಚಳದ ಮೇಲೆ ಲ್ಯಾರಿ ಎಲ್ಮೋರ್ ಬರೆದ ಕೆಂಪು ಡ್ರ್ಯಾಗನ್ನು. ಒಳಗೆ ಎರಡು ಪುಸ್ತಕ, ಆರು ದಾಳ, ದಾಳದ ಬಣ್ಣವಿಲ್ಲದ ಅಂಕಿಗಳಿಗೆ ತಿಕ್ಕಿ ತುಂಬಲು ಒಂದು ಮೇಣದ ಬಳಪ. ಆಟಗಾರನ ಪುಸ್ತಕವು 64 ಪುಟದ್ದು. ಮೊದಲು ಇದನ್ನೇ ಓದತಕ್ಕದ್ದೆಂದು ಅದರ ಮುಖಪುಟವೇ ಅಪ್ಪಣೆ ಮಾಡುತ್ತದೆ. ತೆರೆದರೆ ವ್ಯಾಖ್ಯೆಯಿಲ್ಲ, ಕೋಷ್ಟಕವಿಲ್ಲ. ನೀನೊಬ್ಬ ಯೋಧನೆಂದೂ ಹಣವನ್ನೂ ಕೀರ್ತಿಯನ್ನೂ ಅರಸಿ ಒಂದು ಗವಿಗೆ ಬಂದಿರುವೆಯೆಂದೂ ಕಥೆಯೇ ನೇರವಾಗಿ ಆರಂಭವಾಗುತ್ತದೆ. ಗವಿಯಲ್ಲಿ ಮೊದಲು ಗಾಬ್ಲಿನ್ ಎಂಬ ಒಂದು ಕುಳ್ಳ ದುಷ್ಟಜೀವಿ ಎದುರಾಗುತ್ತದೆ. ಅದನ್ನು ಹೊಡೆಯಲು ದಾಳ ಉರುಳಿಸುವ ಕ್ರಮ ಅಲ್ಲಿಯೇ ತಿಳಿಯುತ್ತದೆ. ಮುಂದೆ ಒಂದು ಸರ್ಪ. ವಿಷದಿಂದ ಪಾರಾಗುವ ನಿಯಮ ಅದರ ಕಡಿತದೊಡನೆಯೇ ಬರುತ್ತದೆ. ಆಮೇಲೆ ಅಲೀನಾ ಎಂಬ ಸಾಧ್ವಿಯು ಕಾಣಿಸಿಕೊಂಡು, ನಿನ್ನ ಗಾಯವನ್ನು ಮಂತ್ರದಿಂದ ಮಾಯಿಸಿ, ತನ್ನಂತಹವರು ಹೇಗೆ ಮಂತ್ರಶಕ್ತಿಯನ್ನು ಪಡೆಯುವರೆಂಬುದನ್ನು ಸ್ನೇಹದಿಂದ ವಿವರಿಸುತ್ತಾಳೆ. ಒಡನೆಯೇ ಬಾರ್ಗಲ್ ಎಂಬ ದುಷ್ಟ ಮಾಂತ್ರಿಕನು ಬೆಳಕಿನ ಬಾಣವೊಂದನ್ನು ಬಿಟ್ಟು ಅವಳನ್ನು ಕೊಂದುಬಿಡುತ್ತಾನೆ. ಅಂದಿನ ಹನ್ನೆರಡು ವರ್ಷದ ಓದುಗರು ಇಂದು ನಡುವಯಸ್ಸು ದಾಟಿದವರು. ಬಾರ್ಗಲ್ಲನ ಹೆಸರನ್ನೆತ್ತಿದರೆ ಈಗಲೂ ಅವರಿಗೆ ಸಿಟ್ಟು ಬರುತ್ತದೆ. ನಿಯಮವನ್ನು ನಿಯಮವಾಗಿ ಹೇಳದೆ, ಅದು ಬೇಕಾದ ಕ್ಷಣದಲ್ಲಿ ಬೇಕಾದಷ್ಟನ್ನೇ ಕೈಗಿತ್ತ ಈ ಉಪಾಯವು ಅನೇಕ ಭಾಷೆಗಳಿಗೆ ಅನುವಾದವಾಗಿ ಲೋಕದ ನಾನಾ ಕಡೆಗಳಲ್ಲಿ ಆಟಗಾರರನ್ನು ಹುಟ್ಟಿಸಿತು.

ಇಷ್ಟನ್ನು ಸಾಧಿಸಿದ ಕಂಪನಿಯೇ ಮುಂದಿನ ದಶಕದಲ್ಲಿ ಎದುರು ದಿಕ್ಕಿಗೆ ನಡೆಯಿತು. ಗೈಗ್ಯಾಕ್ಸರು ಸಂಸ್ಥೆಯ ಅಧಿಕಾರವನ್ನು 1985ರಲ್ಲಿ ಕಳೆದುಕೊಂಡಿದ್ದರು. ಟಿಎಸ್‌ಆರ್ ಎಂಬ ಆ ಕಂಪನಿಯು 1990ರಲ್ಲಿ ರೇವನ್‌ಲಾಫ್ಟ್, 1991ರಲ್ಲಿ ಡಾರ್ಕ್ ಸನ್, 1994ರಲ್ಲಿ ಪ್ಲೇನ್‌ಸ್ಕೇಪ್, 1995ರಲ್ಲಿ ಬರ್ತ್‌ರೈಟ್ ಎಂದು ಒಂದರ ಮೇಲೊಂದು ಕಲ್ಪಿತ ಲೋಕವನ್ನು ಸೃಷ್ಟಿಸಿ, ಪ್ರತಿಯೊಂದಕ್ಕೂ ನಕ್ಷೆ, ಚರಿತ್ರೆ, ಸಾಹಸಕಥೆಗಳ ಸಂಪುಟಗಳನ್ನು ಹೊರಡಿಸುತ್ತ ಹೋಯಿತು. ಅವುಗಳಲ್ಲಿ ಕೆಲವು ಕಲ್ಪನಾವೈಭವದಲ್ಲಿ ಇಂದಿಗೂ ಸಾಟಿಯಿಲ್ಲದವು. ಅವುಗಳನ್ನು ಬರೆದವರ ಪ್ರತಿಭೆಯ ವಿಷಯದಲ್ಲಿ ಎರಡು ಮಾತಿಲ್ಲ. ಆದರೆ ಮರಳುಗಾಡಿನ ಲೋಕದಲ್ಲಿ ಆಡುವವನಿಗೆ ಮಂಜುಕವಿದ ಕೋಟೆಗಳ ಲೋಕದ ಪುಸ್ತಕ ಬೇಡ. ಒಂದೇ ಆಟದ ಅಭಿಮಾನಿಗಳು ಹತ್ತು ಪಂಗಡಗಳಾಗಿ ಒಡೆದು, ಒಂದೊಂದು ಪಂಗಡವೂ ತನ್ನ ಲೋಕದ ಪುಸ್ತಕವನ್ನಷ್ಟೇ ಕೊಳ್ಳತೊಡಗಿತು. ಹೊಸಬನು ಅಂಗಡಿಗೆ ಬಂದರೆ ಎಲ್ಲಿಂದ ಆರಂಭಿಸುವುದೆಂದು ತಿಳಿಯುವಂತಿರಲಿಲ್ಲ. ಪುಸ್ತಕದಂಗಡಿಗಳಿಂದ ಮಾರಾಟವಾಗದ ಪ್ರತಿಗಳು ಹಿಂದಿರುಗಿ ಬಂದವು. 1996ರ ಅಂತ್ಯಕ್ಕೆ ಸಾಲವು 3 ಕೋಟಿ ಡಾಲರನ್ನು ಮೀರಿತು. ಬಾಕಿ ತೀರುವವರೆಗೆ ಅಚ್ಚುಮಾಡಲಾರೆವೆಂದು ಮುದ್ರಕರು ಕೈಯೆತ್ತಿದರು. 1997ರಲ್ಲಿ, ಆಗ ಹುಟ್ಟಿ ಏಳೆಂಟು ವರ್ಷವೂ ಆಗಿರದ, ‘ಮ್ಯಾಜಿಕ್’ ಎಂಬ ಎಲೆಯಾಟದಿಂದ ಸಂಪನ್ನವಾಗಿದ್ದ ವಿಜರ್ಡ್ಸ್ ಆಫ್ ದ ಕೋಸ್ಟ್ ಎಂಬ ಕಂಪನಿ ಅದನ್ನು ಕೊಂಡುಕೊಂಡಿತು. ಟಿಎಸ್‌ಆರ್‌ನ ಪತನಕ್ಕೆ ಬೇರೆ ಕಾರಣಗಳೂ ಉಂಟು. ಆದರೆ ಹಳಬರಿಗೆ ಬೇಕಾದದ್ದನ್ನೆಲ್ಲ ಕೊಟ್ಟ ಪ್ರಕಾಶಕನನ್ನು ಆ ಹಳಬರೇ ಉಳಿಸಲಾರದೆ ಹೋದರೆಂಬುದು ಮಾತ್ರ ಸ್ಪಷ್ಟ.

ಇದನ್ನು ಕಂಡು, ಹಾಗಾದರೆ ಹಳಬರನ್ನು ಲೆಕ್ಕಕ್ಕೆ ಹಿಡಿಯದೆ ಹೊಸಬರನ್ನು ಒಲಿಸುವುದೇ ಜಾಣತನವೆಂದು ಯಾರಾದರೂ ತೀರ್ಮಾನಿಸಿದರೆ, ಅವರು 2008ರ ವೃತ್ತಾಂತವನ್ನು ಓದತಕ್ಕದ್ದು. ಆ ವರ್ಷ ಹೊರಬಂದ ನಾಲ್ಕನೆಯ ಆವೃತ್ತಿಯು ನಿಯಮಗಳನ್ನು ಅಡಿಪಾಯದಿಂದ ಬದಲಿಸಿತು. ಯೋಧನಿಗೂ ಮಾಂತ್ರಿಕನಿಗೂ ಒಂದೇ ಅಚ್ಚಿನ ಶಕ್ತಿಗಳನ್ನು ಕೊಟ್ಟು, ಚೌಕಗಳ ಹಾಸಿನ ಮೇಲಿನ ಕಾಳಗವನ್ನೇ ಆಟದ ಹೃದಯವನ್ನಾಗಿಸಿತು. ನಿಯಮಗಳಲ್ಲಿ ಸಮತೋಲವೂ ಸ್ಪಷ್ಟತೆಯೂ ಇದ್ದುವೆಂಬುದನ್ನು ನಿಷ್ಪಕ್ಷಪಾತಿಗಳು ಇಂದು ಒಪ್ಪುತ್ತಾರೆ. ಆದರೆ ಬಹುಮಂದಿ ಹಳಬರಿಗೆ ಅದು ಕಂಪ್ಯೂಟರ್ ಆಟಗಳನ್ನು ಆಡಿ ಬೆಳೆದ ತರುಣರಿಗಾಗಿ ಮಾಡಿದ ಬೇರೆಯೇ ಆಟವೆಂದು ತೋರಿತು. ಅವರಿಗೆ ಆಶ್ರಯವೂ ಸಿದ್ಧವಾಗಿತ್ತು. ಮೂರನೆಯ ಆವೃತ್ತಿಯ ಮೂಲನಿಯಮಗಳನ್ನು ಯಾರು ಬೇಕಾದರೂ ಬಳಸಿ ಗ್ರಂಥ ರಚಿಸಬಹುದೆಂದು ವಿಜರ್ಡ್ಸ್ ಕಂಪನಿಯೇ 2000ದಲ್ಲಿ ಬಹಿರಂಗ ಪರವಾನಗಿಯೊಂದನ್ನು ಕೊಟ್ಟಿತ್ತು. ಅದರ ಬಲದಿಂದ ಪೈಜೋ ಎಂಬ ಪ್ರಕಾಶನ ಸಂಸ್ಥೆ ಹಳೆಯ ನಿಯಮಗಳನ್ನೇ ತಿದ್ದಿ, 2009ರಲ್ಲಿ ‘ಪಾತ್‌ಫೈಂಡರ್’ ಎಂಬ 576 ಪುಟಗಳ ಮಹಾಗ್ರಂಥವನ್ನು ಹೊರಡಿಸಿತು. ಅಸಮಾಧಾನಗೊಂಡವರಲ್ಲಿ ಅನೇಕರು ಅತ್ತ ಹೋದರು. ಈ ಕಥೆಯ ಉತ್ತರಾರ್ಧವು ಇನ್ನೂ ಬೋಧಪ್ರದ. ಹಳಬರ ನಿಷ್ಠೆಯೊಂದನ್ನೇ ಬಂಡವಾಳವಾಗಿಟ್ಟುಕೊಂಡು ಆ ಗ್ರಂಥವನ್ನು ಹೊರಡಿಸಿದ ಸಂಸ್ಥೆಯೇ ಸುಮಾರು ಎರಡು ವರ್ಷ ಕಳೆದ ಮೇಲೆ, ಅಂದರೆ 2011ರಲ್ಲಿ, ಏನೂ ಅರಿಯದವರಿಗಾಗಿ ‘ಬಿಗಿನರ್ ಬಾಕ್ಸ್’ ಎಂಬ ಪೆಟ್ಟಿಗೆಯನ್ನು ಪ್ರಕಟಿಸಿತು. ಹೊಸಬರಿಗೆ ಪ್ರವೇಶವಿಲ್ಲದ ಅಭಿಮಾನಿಮಂಡಲಿ, ಎಷ್ಟೇ ನಿಷ್ಠಾವಂತವಾಗಿರಲಿ, ಮುಪ್ಪಿನೆಡೆಗೆ ನಡೆಯುತ್ತಿರುವ ಮಂಡಲಿಯೆಂಬುದನ್ನು ಅದು ಬೇಗ ಕಂಡುಕೊಂಡಿತು.

ಇಲ್ಲಿ ಒಂದು ಮಾತನ್ನು ಪರಿಶೀಲಿಸಬೇಕು. ಹೊಸಬನು ಈ ಆಟಕ್ಕೆ ಬರುವ ಮಾರ್ಗ ಯಾವುದು? ಅಂಗಡಿಯಲ್ಲಿ ಪೆಟ್ಟಿಗೆಯನ್ನು ಕಂಡು, ಕೊಂಡು, ಒಬ್ಬನೇ ಓದಿ ಕಲಿತವರು ಇಲ್ಲದಿಲ್ಲ. ಆದರೆ ಬಹುಮಟ್ಟಿಗೆ ಹೊಸಬನನ್ನು ಕರೆತರುವವನು ಹಳಬನೇ. ಸಹೋದ್ಯೋಗಿಯೊಬ್ಬನು ಶನಿವಾರ ಸಂಜೆ ಬಾ ಎನ್ನುತ್ತಾನೆ. ಅಕ್ಕ ತಮ್ಮನನ್ನು ಕೂರಿಸಿಕೊಳ್ಳುತ್ತಾಳೆ. ಬೆಂಗಳೂರಿನ ಬೋರ್ಡ್‌ಗೇಮ್ ಕೆಫೆಗಳಲ್ಲಿ ಆಡಲು ಕೂರುವ ತರುಣ ತರುಣಿಯರೂ ಹೆಚ್ಚಿನವರು ಕಲಿತದ್ದು ಎದುರಿಗೆ ಕುಳಿತವರ ಬಾಯಿಂದಲೇ. ಪುಸ್ತಕಗಳನ್ನು ಕೊಳ್ಳುವವನೂ ಬಹುಪಾಲು ಆಟವನ್ನು ನಡೆಸುವ ಆ ಒಬ್ಬನೇ. ಉಳಿದ ನಾಲ್ವರು ಅವನ ಪ್ರತಿಯನ್ನೇ ಕೈಯಿಂದ ಕೈಗೆ ದಾಟಿಸಿಕೊಂಡು ಕೆಲಸ ಸಾಗಿಸುತ್ತಾರೆ. ಆದುದರಿಂದ ಪ್ರಕಾಶಕನಿಗೂ ಹೊಸಬನಿಗೂ ನಡುವೆ ಹಳಬನು ಅನಿವಾರ್ಯನಾದ ಮಧ್ಯಸ್ಥ. ಸಂಬಳವಿಲ್ಲದ ಉಪಾಧ್ಯಾಯ, ಕಮಿಷನ್ ಕೇಳದ ಏಜೆಂಟ್. ಅವನನ್ನು ಕಡೆಗಣಿಸಿ ಹೊಸಬನ ಬಳಿಗೆ ಹೋಗುತ್ತೇನೆಂಬ ಪ್ರಕಾಶಕನು, ಆ ಹೊಸಬನನ್ನು ಮೇಜಿಗೆ ಕರೆಯುವ ಬಾಯನ್ನೇ ಮುಚ್ಚಿಸುತ್ತಾನೆ. ಇನ್ನೊಂದು ಕಡೆಯಿಂದ ನೋಡಿದರೂ ಹೀಗೆಯೇ. ಹಳಬನಿಗೆ ನಿಜವಾಗಿ ಕೊರತೆಯಿರುವುದು ನಿಯಮಗಳದಲ್ಲ. ಕಪಾಟಿನ ತುಂಬ ಅವು ಇವೆ. ಗೆಳೆಯರಿಗೆ ಮದುವೆಯಾಗುತ್ತದೆ, ವರ್ಗವಾಗುತ್ತದೆ, ಮಕ್ಕಳಾಗುತ್ತವೆ. ಮೇಜಿನ ಸುತ್ತ ಕುರ್ಚಿಗಳು ಒಂದೊಂದಾಗಿ ತೆರವಾಗುತ್ತವೆ. ಅವನಿಗೆ ಬೇಕಾದ ವಸ್ತು ಐದನೆಯ ಆಟಗಾರ. ಆ ಆಟಗಾರನು ದೊರೆಯುವಂತೆ ಮಾಡಿದ ಪುಸ್ತಕವು ಹಳಬನಿಗೆ ನೂರು ಹೊಸ ಮಂತ್ರಗಳ ಸಂಪುಟಕ್ಕಿಂತ ಹೆಚ್ಚಿನ ಉಪಕಾರವನ್ನು ಮಾಡಿದಂತಾಯಿತು.

ಈ ಸತ್ಯವನ್ನು ಅರಿತು ನಡೆದದ್ದರಿಂದಲೇ 2014ರ ಐದನೆಯ ಆವೃತ್ತಿಗೆ ಎರಡೂ ಕಡೆಯ ಪ್ರೀತಿ ದೊರೆಯಿತೆಂದು ನನ್ನ ಎಣಿಕೆ. 2012ರಿಂದಲೇ ವಿಜರ್ಡ್ಸ್ ಕಂಪನಿಯು ಕರಡು ನಿಯಮಗಳನ್ನು ಬಹಿರಂಗವಾಗಿ ಹಂಚಿ, ಆಡಿ ನೋಡಿ ಹೇಳಿರೆಂದು ಹಳಬರನ್ನು ಕೇಳಿತು. ಮುನಿದು ಹೋಗಿದ್ದವರಲ್ಲಿ ಅನೇಕರು ಹಿಂದಿರುಗಿದರು. ಆವೃತ್ತಿಯ ಬಾಗಿಲನ್ನು ತೆರೆದದ್ದಾದರೋ 20 ಡಾಲರಿಗೆ ಒಂದು ಸೆಂಟು ಕಡಿಮೆಯಾದ ‘ಸ್ಟಾರ್ಟರ್ ಸೆಟ್’. ಮೂಲನಿಯಮಗಳ ಸಂಕ್ಷೇಪವನ್ನು ಉಚಿತವಾಗಿಯೇ ಕೊಟ್ಟರು. ಆ ಪೆಟ್ಟಿಗೆಯಲ್ಲಿ ನಿಯಮಗಳಿಗೆ 32 ಪುಟ, ಸಾಹಸಕಥೆಗೆ 64 ಪುಟ, ಮೊದಲೇ ಸಿದ್ಧಪಡಿಸಿಟ್ಟ ಐದು ಪಾತ್ರಗಳ ಹಾಳೆ. ಕಥೆಯ ಆರಂಭದಲ್ಲಿ ಸಾಮಾನಿನ ಬಂಡಿಯೊಂದನ್ನು ಕಾಯುತ್ತ ಹೋಗುವವರಿಗೆ ದಾರಿಗೆ ಅಡ್ಡವಾಗಿ ಸತ್ತು ಬಿದ್ದ ಎರಡು ಕುದುರೆಗಳು ಕಾಣುತ್ತವೆ. ಪೊದೆಗಳಲ್ಲಿ ಗಾಬ್ಲಿನ್‌ಗಳು ಹೊಂಚುಹಾಕಿವೆ. ಮೆಂಟ್ಸರ್ ಅವರ ಪುಸ್ತಕವು ಒಬ್ಬಂಟಿ ಓದುಗನ ಕೈಹಿಡಿದು ನಡೆಸಿದರೆ, ಇದು ಆಟ ನಡೆಸುವವನ ಕೈಯನ್ನು ಹಿಡಿಯುತ್ತದೆ. ಮೊದಲು ಯಾವುದನ್ನು ಓದಿ ಹೇಳಬೇಕು, ಹೊಂಚು ತಿಳಿಯಿತೋ ಇಲ್ಲವೋ ಎಂದು ಹೇಗೆ ನಿರ್ಣಯಿಸಬೇಕು, ಯಾರ ಸರದಿ ಮೊದಲು, ಆಟಗಾರರು ಸೋತು ಮೂರ್ಛೆಹೋದರೆ ಕಥೆಯನ್ನು ಮುಂದೆ ಹೇಗೆ ಎಳೆಯಬೇಕು ಎಂಬುದೆಲ್ಲ ಅನುಕ್ರಮವಾಗಿ ಅಲ್ಲಿ ದೊರೆಯುತ್ತದೆ. ಅನುಭವಿಯೂ ಒಂದು ಸಂಜೆ ಓದಿಕೊಂಡು ಮರುಸಂಜೆ ನಾಲ್ಕು ಹೊಸ ಮುಖಗಳನ್ನು ಕೂರಿಸಿ ನಡೆಸಬಹುದಾದ ಕಥೆ. ಮುಂದೆ ಕ್ರಿಟಿಕಲ್ ರೋಲ್ ಮೊದಲಾದ ವಿಡಿಯೋ ಪ್ರಸಾರಗಳೂ ‘ಸ್ಟ್ರೇಂಜರ್ ಥಿಂಗ್ಸ್’ ಧಾರಾವಾಹಿಯೂ ಕುತೂಹಲವನ್ನು ಕೆರಳಿಸಿದಾಗ, ಬಂದವರನ್ನು ಬರಮಾಡಿಕೊಳ್ಳಲು ಮೇಜುಗಳು ಸಿದ್ಧವಾಗಿದ್ದವು.

ಹೊಸಬನೆಂದರೆ ನಿಯಮವನ್ನು ಅರಿಯದವನು, ಆದುದರಿಂದ ನಿಯಮವನ್ನು ಸರಳಗೊಳಿಸಿದರೆ ಸಾಕು ಎಂಬ ಭಾವನೆಯೂ ಅರ್ಧಸತ್ಯವೇ. 1991ರಲ್ಲಿ ಮಾರ್ಕ್ ರೈನ್ ಹಾಗನ್ ಅವರ ‘ವ್ಯಾಂಪೈರ್: ದ ಮ್ಯಾಸ್ಕರೇಡ್’ ಬಂದಾಗ, ಕೋಟೆ, ಕತ್ತಿ, ಡ್ರ್ಯಾಗನ್‌ಗಳಲ್ಲಿ ಏನೂ ರುಚಿ ಕಾಣದಿದ್ದ ಎಷ್ಟೋ ತರುಣರು, ಅವರಲ್ಲಿ ಹೆಣ್ಣುಮಕ್ಕಳು ಗಣನೀಯ ಸಂಖ್ಯೆಯಲ್ಲಿ, ಮೊದಲ ಬಾರಿಗೆ ಈ ಆಟಗಳತ್ತ ತಿರುಗಿದರು. ಅವರನ್ನು ಸೆಳೆದದ್ದು ನಗರದ ಇರುಳು, ರಕ್ತದ ದಾಹ, ತನ್ನೊಳಗಿನ ಮೃಗದೊಡನೆ ಮನುಷ್ಯತ್ವದ ಹೋರಾಟವೆಂಬ ವಿಷಯ. ಅಂತೆಯೇ ಹಳಬನೆಂದರೆ ಕೇವಲ ಗಿರಾಕಿಯೆಂದು ತಿಳಿಯುವುದೂ ತಪ್ಪು. 2023ರ ಜನವರಿಯಲ್ಲಿ ವಿಜರ್ಡ್ಸ್ ಕಂಪನಿಯು 2000ದ ಆ ಬಹಿರಂಗ ಪರವಾನಗಿಯನ್ನು ಬಿಗಿಗೊಳಿಸಲು ಹೊರಟಿದೆಯೆಂಬ ಕರಡು ಹೊರಬಿದ್ದಾಗ, ಅದರ ಆಧಾರದ ಮೇಲೆ ಪುಸ್ತಕ ಬರೆದು ಬದುಕುತ್ತಿದ್ದ ಸಣ್ಣ ಪ್ರಕಾಶಕರೂ ಬಹುಕಾಲದ ಆಟಗಾರರೂ ಒಟ್ಟಾಗಿ ಎದ್ದರು, ಚಂದಾದಾರಿಕೆಗಳನ್ನು ರದ್ದುಮಾಡಿದರು. ತಿಂಗಳು ಮುಗಿಯುವುದರೊಳಗೆ ಕಂಪನಿಯು ಹಿಂಜರಿದು, ಐದನೆಯ ಆವೃತ್ತಿಯ ಮೂಲನಿಯಮಗಳನ್ನು ಯಾರೂ ಮರಳಿ ಕಿತ್ತುಕೊಳ್ಳಲಾಗದಂತೆ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಡಿಯಲ್ಲಿ ಬಿಡುಗಡೆ ಮಾಡಿತು. ಈ ಆಟದ ಅರ್ಧಭಾಗವನ್ನು ಆಡುವವರೇ ರಚಿಸುವುದರಿಂದ, ಅವರಿಗೆ ಅದರ ಮೇಲೆ ಕಾಯಿದೆಯಲ್ಲಿ ಬರೆಯದ ಒಂದು ಹಕ್ಕು ಉಂಟಾಗಿದೆ.

ಹೊಸಬನ ಹಕ್ಕನ್ನೂ ಹಳಬನ ಹಕ್ಕನ್ನೂ ಕಲಹವಿಲ್ಲದೆ ನಿರ್ವಹಿಸಿದ ಪ್ರಕಾಶಕರು ಉಂಟೇ ಎಂದು ಕೇಳಿದರೆ, ಕೇಯಾಸಿಯಮ್ ಸಂಸ್ಥೆಯವರ ‘ಕಾಲ್ ಆಫ್ ಕ್ತುಲು’ವನ್ನು ತೋರಿಸಬಹುದು. ಸ್ಯಾಂಡಿ ಪೀಟರ್ಸನ್ ಅವರು 1981ರಲ್ಲಿ ರಚಿಸಿದ ಈ ಭಯಾನಕರಸದ ಆಟವು ಏಳು ಆವೃತ್ತಿಗಳನ್ನು ಕಂಡಿದ್ದರೂ ಅದರ ಎಲುಬು ಬದಲಾಗಿಲ್ಲ. ನಲವತ್ತು ವರ್ಷದ ಹಿಂದಿನ ಕಥೆಯೊಂದನ್ನು ಅಲ್ಪಸ್ವಲ್ಪ ಅಂಕಿ ತಿದ್ದಿ ಇಂದೂ ಆಡಿಸಬಹುದು. ಅವರು 2018ರಲ್ಲಿ ಹೊರಡಿಸಿದ ಪ್ರವೇಶದ ಪೆಟ್ಟಿಗೆಯಲ್ಲಿ ಮೊದಲು ಒಬ್ಬನೇ ಓದುತ್ತ ಆಡಬಹುದಾದ ಕಥೆ. ಆಮೇಲೆ ಒಬ್ಬ ಆಟಗಾರ, ಒಬ್ಬ ನಿರ್ವಾಹಕ ಸಾಕೆನ್ನಿಸುವ ಚಿಕ್ಕ ಕಥೆ. ಅನಂತರ ಗುಂಪಿಗೆ ಒದಗುವ ದೊಡ್ಡವು. ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಏರಿಸುವ ಆ ಕಥೆಗಳಲ್ಲಿ ಕೆಲವು ಹಳಬರು ದಶಕಗಳಿಂದ ಆಡಿಸುತ್ತ ಬಂದವೇ. ಹಳಬನ ನೆನಪಿನಲ್ಲಿದ್ದುದನ್ನೇ ಹೊಸಬನ ಮೊದಲ ಪಾಠವನ್ನಾಗಿಸಿದ್ದರಿಂದ, ಇಬ್ಬರಿಗೂ ಒಂದೇ ಭಾಷೆಯಲ್ಲಿ ಮಾತನಾಡಲು ಸಾಧ್ಯವಾಯಿತು.

ಸಾರಾಂಶವಾಗಿ ಹೇಳುವುದಾದರೆ, ಪ್ರಕಾಶಕನ ಶ್ರಮದಲ್ಲಿ ಅಗ್ರಭಾಗ ಹೊಸಬನಿಗೇ ಸಲ್ಲತಕ್ಕದ್ದು. ಆದರೆ ಆ ಶ್ರಮವು ಹಳಬನ ಮೂಲಕವೇ ಅವನಿಗೆ ಮುಟ್ಟತಕ್ಕದ್ದು. ಅನುಬಂಧಗಳನ್ನು ಬರೆಯಕೂಡದೆಂದಲ್ಲ, ಬಲ್ಲವನ ಬಾಯಿಚಪಲಕ್ಕೂ ಒಂದಿಷ್ಟು ಬೇಕು. ನಿಯಮವನ್ನು ಎಂದೂ ತಿದ್ದಕೂಡದೆಂದೂ ಅಲ್ಲ. ತಿದ್ದುವಾಗ ಹಳೆಯ ಕಪಾಟಿನ ಪುಸ್ತಕಗಳು ಒಮ್ಮೆಗೇ ರದ್ದಿಯಾಗದಂತೆ ನೋಡಿಕೊಳ್ಳುವ ವಿವೇಕವಿದ್ದರಾಯಿತು. ಪ್ರತಿಯೊಂದು ಹೊಸ ಪುಸ್ತಕವನ್ನೂ ಅಚ್ಚಿಗೆ ಕಳಿಸುವ ಮುನ್ನ ಪ್ರಕಾಶಕನು ಒಂದೇ ಪ್ರಶ್ನೆಯನ್ನು ಕೇಳಿಕೊಳ್ಳಲಿ: ಇಪ್ಪತ್ತು ವರ್ಷ ಆಡಿದವನೊಬ್ಬನು ಇದನ್ನು ಓದಿ, ಏನೂ ಅರಿಯದ ಒಬ್ಬನನ್ನು ಬರುವ ಭಾನುವಾರ ತನ್ನ ಮೇಜಿಗೆ ಧೈರ್ಯವಾಗಿ ಕರೆಯಬಲ್ಲನೇ? ಕರೆಯಬಲ್ಲನಾದರೆ ಹೊಸಬನೋ ಹಳಬನೋ ಎಂಬ ವಿವಾದಕ್ಕೆ ಆ ಪುಸ್ತಕದ ಮಟ್ಟಿಗೆ ಅವಕಾಶವಿಲ್ಲ. ಕರೆಯಲಾರನಾದರೆ, ಅದು ಎಷ್ಟು ಚೆಲುವಾಗಿದ್ದರೂ, ಅದನ್ನು ಕೊಳ್ಳುವವರ ಸಂಖ್ಯೆ ಮುಂದಿನ ವರ್ಷ ಇನ್ನಷ್ಟು ಕಡಿಮೆಯಾಗಿರುತ್ತದೆ.